ಚಳಿಗಾಲದಲ್ಲಿ ಚಿತ್ತೋಲ್ಲಾಸ



ವರ್ಷವನ್ನು ಆರು ಋತುಗಳಾಗಿ ವಿಭಾಗಿಸಿದ ನಮ್ಮ ಹಿರಿಯರು ಅವುಗಳಲ್ಲಿ ಎರಡನ್ನು ಚಳಿಗೆ ಬಿಟ್ಟುಕೊಟ್ಟಿರುವರು. ಮಾರ್ಗಶಿರ ಪುಷ್ಯಗಳು ಹೇಮಂತ; ಮಾಘ ಫಾಲ್ಗುಣಗಳು ಶಿಶಿರ. ಈ ದಿನಗಳಲ್ಲಿ ದೇಹವು ಮುದುಡುವುದು ಸಹಜವೇ ಸರಿ. ಆದರೆ ದೇಹದೊಡನೆ ಮನಸ್ಸೂ ಮುದುಡಿದರೆ ಗೃಹಸ್ಥನ ಪೂಜೆ, ಕಾಯಕ, ದಾಸೋಹ ಮೂರೂ ಸೊರಗುವುವು. ಆದುದರಿಂದ ಈ ತಿಂಗಳ ಪಾಠಕ್ಕೆ ಚಳಿಯನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಉತ್ತರ ಪಿನಾಕಿನಿಯ ದಡದಲ್ಲಿರುವ ಕ್ಷೇತ್ರ. ವಿದುರನು ನೆಟ್ಟನೆಂದು ಪ್ರತೀತಿಯುಳ್ಳ ಪುರಾತನವಾದ ಅಶ್ವತ್ಥವೃಕ್ಷವು 2001ರಲ್ಲಿ ಧರೆಗುರುಳಿತು; ಸುತ್ತಲಿನ ನಾಗಶಿಲೆಗಳೂ ಜನರ ಶ್ರದ್ಧೆಯೂ ಹಾಗೆಯೇ ಉಳಿದಿವೆ. ಪುಷ್ಯಮಾಸದಲ್ಲಿ ಈ ಸೀಮೆಯ ಮುಂಜಾನೆಯ ಚಳಿ ಮೈಕೊರೆಯುವಂಥದು. ಹಿಂಗಾರು ಮಳೆ ಹಿಂದೆಗೆದ ಮೇಲೆ ಗಾಳಿ ಒಣಗಿ ಆಕಾಶ ತಿಳಿಯಾಗುವುದು. ಹಗಲು ಭೂಮಿ ಕುಡಿದ ಬಿಸಿಯೆಲ್ಲ ಇರುಳಿನಲ್ಲಿ ತಡೆಯಿಲ್ಲದೆ ಮೇಲಕ್ಕೆ ಹೋಗುವುದು. ಡಿಸೆಂಬರ್ ತಿಂಗಳ 21 ಅಥವಾ 22ರಂದು ಇಲ್ಲಿಯ ಹಗಲು ಸುಮಾರು 11 ಗಂಟೆ 20 ನಿಮಿಷ, ಉಳಿದುದೆಲ್ಲ ಇರುಳು.

ಇಲ್ಲಿ ಒಂದು ಸೋಜಿಗವಿದೆ. ಆ ದಿನ ಕಳೆದೊಡನೆ ಹಗಲು ಬೆಳೆಯತೊಡಗುವುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಪಂಚಾಂಗವನ್ನು ತೆರೆದು ಸೂರ್ಯೋದಯದ ಕಾಲವನ್ನು ನೋಡಿರಿ. ಸಂಕ್ರಾಂತಿ ಕಳೆದು ಜನವರಿಯ ಕೊನೆಯ ವಾರದವರೆಗೂ ಸೂರ್ಯನು ದಿನದಿನಕ್ಕೆ ಇನ್ನಷ್ಟು ತಡವಾಗಿಯೇ ಉದಯಿಸುತ್ತಾನೆ! ಹೆಚ್ಚಿದ ಬೆಳಕೆಲ್ಲ ಸಂಜೆಯ ಕಡೆಗೆ ಸೇರುತ್ತಿರುತ್ತದೆ. ಭೂಮಿಯ ಅಕ್ಷ ಓರೆಯಾಗಿರುವುದರಿಂದಲೂ ಅದರ ಪಥವು ಪೂರ್ಣ ವೃತ್ತವಲ್ಲದುದರಿಂದಲೂ ಈ ದಿನಗಳಲ್ಲಿ ಮಧ್ಯಾಹ್ನವೇ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಸರಿಯುವುದು ಇದಕ್ಕೆ ಕಾರಣ. ಮುಂಜಾನೆ ಕಿಟಕಿ ತೆರೆದು ನೋಡುವವನು ‘ಕತ್ತಲು ಹೆಚ್ಚುತ್ತಿದೆ’ ಎಂದರೆ ಅವನ ಕಣ್ಣಿಗೆ ಅದು ನಿಜ. ಆದರೂ ಹಗಲು ಬೆಳೆಯುತ್ತಲೇ ಇರುತ್ತದೆ. ಎದ್ದ ಗಳಿಗೆಯ ಮನಸ್ಸನ್ನು ನಂಬಿ ಇಡೀ ದಿನಕ್ಕೆ ತೀರ್ಪು ಕೊಡಲಾಗದೆಂಬುದನ್ನು ನಾನು ಇದರಿಂದ ಕಲಿತೆನು.

ಇದನ್ನು ಪುಸ್ತಕದ ಮಾತಾಗಿ ಹೇಳುತ್ತಿಲ್ಲ. ನನ್ನ ಧರ್ಮಪತ್ನಿಯು ಲಿಂಗೈಕ್ಯಳಾದ ವರ್ಷದ ಚಳಿಗಾಲದಲ್ಲಿ ನಾನು ಪಾಠಶಾಲೆಯಿಂದ ಬಂದೊಡನೆ ಬಾಗಿಲು ಹಾಕಿ ಕಂಬಳಿ ಹೊದ್ದು ಕುಳಿತುಬಿಡುತ್ತಿದ್ದೆ. ಸಮಾಧಾನ ಹೇಳಲು ಬಂದವರ ಮಾತು ಕಿವಿಯವರೆಗೆ ಬಂದು ನಿಲ್ಲುತ್ತಿತ್ತು. ಒಂದು ಸಂಜೆ ನೆರೆಮನೆಯ ಅಜ್ಜಿ ಬಾಗಿಲು ತಟ್ಟಿ, “ಮೇಷ್ಟ್ರೇ, ಒಂದು ಮೂಟೆ ಅವರೆಕಾಯಿ ಬಂದುಬಿಟ್ಟಿದೆ, ಸುಲಿಯೋಕೆ ಕೈ ಸಾಲದು. ಸ್ವಲ್ಪ ಬನ್ನಿ” ಎಂದರು. ನನಗೆ ಮನಸ್ಸಿರಲಿಲ್ಲ, ದಾಕ್ಷಿಣ್ಯಕ್ಕೆ ಹೋದೆ. ಜಗಲಿಯಲ್ಲಿ ಏಳೆಂಟು ಜನ. ನಡುವೆ ಕಾಯಿಯ ರಾಶಿ. ಇಬ್ಬನಿ ಕುಡಿದ ಅವರೆಯ ಸೊಗಡು. ಯಾರೂ ನನ್ನ ದುಃಖವನ್ನು ವಿಚಾರಿಸಲಿಲ್ಲ. ಬೆರಳು ಸುಲಿಯುತ್ತ ಹೋಯಿತು. ಮಕ್ಕಳು ಹಿದುಕಿದ ಬೇಳೆಯನ್ನು ಒಬ್ಬರ ಮೇಲೊಬ್ಬರು ಚಿಮ್ಮಿಸಿದಾಗ ನಾನೂ ನಕ್ಕೆನಂತೆ. ಅಜ್ಜಿ ಮರುದಿನ ಹೇಳಿದರು. ದುಃಖ ಹೋಗಿರಲಿಲ್ಲ, ಆದರೆ ಮನೆಗೆ ಮರಳಿದವನು ಅಂದು ಹೊಟ್ಟೆತುಂಬ ಉಂಡೆ.

ಕಾಯಕತತ್ತ್ವದ ಒಂದು ಮರ್ಮ ನನಗೆ ತಿಳಿದದ್ದು ಆ ಜಗಲಿಯಲ್ಲಿ. ಮನಸ್ಸು ಅರಳಿದ ಮೇಲೆ ಕೆಲಸ ಮಾಡುವೆನೆಂದು ನಾವು ಕಾಯುತ್ತೇವೆ. ಶರಣರು ಕಾಯವನ್ನು ಮೊದಲು ಎಬ್ಬಿಸಿದರು. ಮನಸ್ಸು ಅದರ ಹಿಂದೆ ಬಂದಿತು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸಿದವರು. ಪುಷ್ಯಮಾಸದ ಬೆಳಗಿನಲ್ಲಿ ಇಬ್ಬನಿ ತುಂಬಿದ ಹುಲ್ಲಿಗೆ ಕೈಯಿಟ್ಟು ಬಲ್ಲವರು ಆ ಕಾಯಕದ ಬೆಲೆಯನ್ನು ಊಹಿಸಬಲ್ಲರು. ಅವರು ಬಿಸಿಲೇರಲೆಂದು ಕಾದಿದ್ದರೆ ದಾಸೋಹದ ಹೊತ್ತು ಮೀರುತ್ತಿತ್ತು.

ದಾಸೋಹದ ಮಾತಿಗೆ ಈ ಕ್ಷೇತ್ರದ ಹೆಸರೇ ಸಾಕ್ಷಿ. ರಾಜಭವನದ ಸತ್ಕಾರವನ್ನು ಬಿಟ್ಟು ಶ್ರೀಕೃಷ್ಣನು ವಿದುರನ ಮನೆಗೆ ಹೋದ ಕಥೆಯನ್ನು ನಮ್ಮ ನಾಡಿನ ಮಕ್ಕಳೂ ಬಲ್ಲರು. ಅಲ್ಲಿದ್ದುದು ಒಂದು ಕುಡಿತೆ ಹಾಲು. ಬಡವನ ಮನೆ ಬೆಚ್ಚಗಾದದ್ದು ಕೊಟ್ಟುದರ ಪ್ರಮಾಣದಿಂದಲ್ಲ, ಕೊಡುವ ಕೈ ಹಿಂಜರಿಯದುದರಿಂದ. ನಮ್ಮ ಮನೆಯಲ್ಲಿ ಎರಡನೆಯ ಕಂಬಳಿ ಪೆಟ್ಟಿಗೆಯಲ್ಲಿ ಮಲಗಿದ್ದು, ರಾಗಿಯ ಕಣ ಕಾಯುವ ಆಳು ಗೋಣಿಚೀಲ ಹೊದ್ದಿದ್ದರೆ ನಮ್ಮ ಉಲ್ಲಾಸಕ್ಕೆ ಬೇರೆಲ್ಲಿಯ ಆಧಾರ?

ಇನ್ನೊಂದು ಎಚ್ಚರಿಕೆಯೂ ಅವಶ್ಯ. ನಮ್ಮವರ ಮಕ್ಕಳು ಅನೇಕರು ಈಗ ಶೀತದೇಶಗಳಲ್ಲಿ ಸಂಸಾರ ಹೂಡಿದ್ದಾರೆ. 2015ರ ನವೆಂಬರಿನಲ್ಲಿ ಥೇಮ್ಸ್ ನದಿಯ ದಡದಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡ ಲಂಡನ್ ನಗರದಲ್ಲಿ ಡಿಸೆಂಬರಿನ ಹಗಲು 8 ಗಂಟೆಯೂ ತುಂಬದು. ಅಂಥ ಬೆಳಕಿನ ಕೊರತೆಯಿಂದ ಕೆಲವರ ಮನಸ್ಸು ಪ್ರತಿವರ್ಷವೂ ಚಳಿಗಾಲದಲ್ಲಿ ಕುಗ್ಗುವುದನ್ನು 1984ರಲ್ಲಿ ಅಮೆರಿಕದ ವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಒಂದು ವ್ಯಾಧಿಯೆಂದು ವಿವರಿಸಿದರು. ಬೆಳಗಿನ ಹೊತ್ತು ಪ್ರಖರವಾದ ಬೆಳಕಿನೆದುರು ಕುಳ್ಳಿರಿಸುವುದು ಅದರ ಚಿಕಿತ್ಸೆಗಳಲ್ಲೊಂದು. ಆದುದರಿಂದ ದೂರದ ಮಗಳು ದೂರವಾಣಿಯಲ್ಲಿ ‘ಏನೂ ಬೇಡವೆನಿಸುತ್ತದಪ್ಪ’ ಎಂದರೆ ‘ಭಕ್ತಿ ಸಾಲದು’ ಎಂದು ಗದರದಿರಿ. ಆ ಕುಗ್ಗು ವಾರಗಟ್ಟಲೆ ನಿಂತು, ನಿದ್ರೆ ಆಹಾರಗಳು ಕೆಟ್ಟರೆ, ಅಲ್ಲಿಯಾಗಲಿ ಇಲ್ಲಿಯಾಗಲಿ ವೈದ್ಯರ ಬಳಿಗೆ ಹೋಗುವುದೇ ವಿವೇಕ. ಕಾಯವನ್ನು ಕಾಪಾಡಿಕೊಳ್ಳುವುದೂ ಕಾಯಕವೇ.

ಈ ತಿಂಗಳ ಅನುಷ್ಠಾನಕ್ಕೆ ಮೂರನ್ನು ಹೇಳಿ ಮುಗಿಸುವೆನು. ಎದ್ದೊಡನೆ ಮನಸ್ಸನ್ನು ಕೇಳದೆ ಮುಖ ತೊಳೆದು ಲಿಂಗಪೂಜೆಗೆ ಕುಳಿತುಕೊಳ್ಳಿರಿ. ಬಿಸಿಲು ಬಂದಾಗ ಅರ್ಧ ಗಂಟೆಯಾದರೂ ಅಂಗಳದಲ್ಲಿರಿ. ಮನೆಯ ವೃದ್ಧರನ್ನೂ ಕರೆದುತಂದು ಕೂರಿಸಿರಿ. ಸಂಜೆ ನಿಮ್ಮ ಬೀದಿಯಲ್ಲಿ ಯಾವ ಮನೆಯ ಬಾಗಿಲು ಬೇಗ ಮುಚ್ಚುತ್ತದೆಂದು ಗಮನಿಸಿ, ಯಾವುದಾದರೊಂದು ಕೆಲಸದ ನೆಪ ಮಾಡಿಕೊಂಡು ಆ ಬಾಗಿಲನ್ನು ತಟ್ಟಿರಿ. ನನ್ನ ಬಾಗಿಲನ್ನು ತಟ್ಟಿದ ಅಜ್ಜಿ ಈಗಿಲ್ಲ. ಅವರೆಕಾಯಿಯ ಕಾಲ ಬಂದಾಗ ನಾನು ಅವರ ಕೆಲಸವನ್ನು ಮುಂದುವರಿಸುತ್ತಿದ್ದೇನೆ.