ಚಳಿನಾಡಿನ ಹೂವಿಗೆ ಭಿವಂಡಿಯ ಗ್ಯಾಲರಿ ಒಗ್ಗದು

ಮಗನೋ ಮಗಳೋ ಮಿನ್ನೆಸೋಟದಲ್ಲಿ, ಕೆನಡಾದಲ್ಲಿ, ಜರ್ಮನಿಯಲ್ಲಿ ಇದ್ದಾರೆ. ಹಿಮ ಕರಗಿದ ಮೇಲೆ ಅವರ ಅಂಗಳದಲ್ಲಿ ಅರಳಿದ ಸ್ಲಿಪ್ಪರ್ ಆರ್ಕಿಡ್‌ನ ಫೋಟೋ ನಿಮ್ಮ ಮೊಬೈಲಿಗೆ ಬಂದಿದೆ. ಚಪ್ಪಲಿಯ ಮೂತಿಯಂತೆ ಉಬ್ಬಿದ ಆ ಹೂವನ್ನು ನೋಡಿದ ಕೂಡಲೇ ಭಿವಂಡಿಯಲ್ಲೋ ಡೊಂಬಿವಲಿಯಲ್ಲೋ ಇರುವ ನಿಮ್ಮ ಗ್ಯಾಲರಿಯಲ್ಲೂ ಒಂದಿರಲಿ ಅನ್ನಿಸಿದೆ. ಆಸೆ ತಪ್ಪಲ್ಲ. ಆದರೆ ದುಡ್ಡು ಕೊಡುವ ಮೊದಲು ನಾಲ್ಕು ಮಾತು ಕೇಳಿ.

ಮೊದಲು ಯಾವ ಗಿಡ ಯಾವ ಊರಿನದು ಎಂದು ತಿಳಿದುಕೊಳ್ಳಿ. ಹಿಮ ಬೀಳುವ ಕಡೆ ಹೊರಗಿನ ಮಣ್ಣಿನಲ್ಲೇ ಬೆಳೆಯುವುದು ಸಿಪ್ರಿಪೀಡಿಯಂ. ನಮ್ಮ ಹಿಮಾಲಯದಲ್ಲೂ ಅದರ ಕೆಲವು ಜಾತಿಗಳಿವೆ. ಏಷ್ಯಾದ ಬೆಚ್ಚಗಿನ ಕಾಡುಗಳಲ್ಲಿ ಬೆಳೆಯುವುದು ಪ್ಯಾಫಿಯೋಪೆಡಿಲಂ. ನರ್ಸರಿಯವರು ಅದನ್ನು ಚುಟುಕಾಗಿ ಪ್ಯಾಫ್ ಅನ್ನುತ್ತಾರೆ. ಹೂವು ನೋಡಲು ಒಂದೇ ಥರ, ಬಾಳುವ ರೀತಿ ಮಾತ್ರ ಪೂರ್ತಿ ಬೇರೆ.

ಸಿಪ್ರಿಪೀಡಿಯಂ ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿಸಿಕೊಂಡು ನೆಲದೊಳಗೆ ಮಲಗುತ್ತದೆ. ಸುಮಾರು ಮೂರು ತಿಂಗಳು 5 ಡಿಗ್ರಿಯ ಆಸುಪಾಸಿನ ಚಳಿ ಸಿಗದಿದ್ದರೆ ಮರುವರ್ಷ ಸರಿಯಾಗಿ ಚಿಗುರುವುದಿಲ್ಲ. ನಮ್ಮ ಠಾಣೆ, ಕಲ್ಯಾಣದ ಕಡೆ ಜನವರಿಯ ರಾತ್ರಿಯಲ್ಲೂ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ‘ಫ್ರಿಜ್ಜಿನಲ್ಲಿಟ್ಟು ಚಳಿ ಕೊಡುತ್ತೇನೆ’ ಎನ್ನುವವರಿದ್ದಾರೆ. ಚಳಿ ಕೊಟ್ಟಿರಿ ಅಂತಲೇ ಇಟ್ಟುಕೊಳ್ಳಿ, ಏಪ್ರಿಲ್ ಮೇ ತಿಂಗಳ ಸೆಕೆಗೆ ಏನು ಮಾಡುತ್ತೀರಿ? ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಹಿರಿಯರು ಹೇಳಿದ್ದು ದುಡ್ಡಿನ ವಿಷಯಕ್ಕೆ ಮಾತ್ರ ಅಲ್ಲ.

ಊರಿಗೆ ಬರುವ ಮಕ್ಕಳಿಗೆ ‘ಸೂಟ್‌ಕೇಸಿನಲ್ಲಿ ಒಂದು ಗೆಡ್ಡೆ ಹಾಕಿಕೊಂಡು ಬಾ’ ಎಂದು ದಯವಿಟ್ಟು ಹೇಳಬೇಡಿ. ಹೊರದೇಶದಿಂದ ಗಿಡ ತರಲು ಆಮದು ಪರವಾನಗಿ ಬೇಕು, ರೋಗವಿಲ್ಲ ಎನ್ನುವ ಪ್ರಮಾಣಪತ್ರ ಬೇಕು. ಆರ್ಕಿಡ್‌ಗಳಿಗೆ ಅದರ ಮೇಲೆ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಕಾಗದಪತ್ರವೂ ಬೇಕು. ವಿಮಾನ ನಿಲ್ದಾಣದಲ್ಲಿ ಮಗು ತಲೆ ತಗ್ಗಿಸಿ ನಿಲ್ಲುವಂತೆ ಮಾಡಬೇಡಿ.

ಅದರ ಬದಲು ಅಲ್ಲೇ ಚೆನ್ನಾಗಿ ಬೆಳೆಸಲು ಹೇಳಿಕೊಡಿ. ನರ್ಸರಿಯಲ್ಲಿ ಬೆಳೆಸಿದ ಮಿಶ್ರತಳಿಯನ್ನೇ ಕೊಳ್ಳಲಿ, ಹೊಸಬರ ಕೈಗೆ ಅದು ಬೇಗ ಹೊಂದಿಕೊಳ್ಳುತ್ತದೆ. ಎಲೆ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮೊದಲು ನೆಡಲಿ. ಬೇರನ್ನು ಮುರಿಯದೆ ಅಗಲವಾಗಿ ಹರಡಿ, ಮೊಳಕೆಯ ತುದಿಯ ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು ಬಂದರೆ ಸಾಕು. ನೀರು ನಿಲ್ಲುವ ಜಾಗ ಬೇಡ, ಪೂರ್ತಿ ಒಣಗುವ ಜಾಗವೂ ಬೇಡ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರಲಿ. ನೆಟ್ಟ ಮೇಲೆ ವರ್ಷ ವರ್ಷ ಕಿತ್ತು ನೋಡುವ ಚಪಲ ಬೇಡ.

ಕಾಡಿನಿಂದ ಕೀಳುವುದಂತೂ ಬೇಡವೇ ಬೇಡ. ಅಲ್ಲಿನ ಗುಲಾಬಿ ಬಿಳಿ ಬಣ್ಣದ ಸಿಪ್ರಿಪೀಡಿಯಂ ರೆಜಿನೇ ಮಿನ್ನೆಸೋಟದ ರಾಜ್ಯಪುಷ್ಪ. ಕಾಡಿನಲ್ಲಿ ಬೀಜದಿಂದ ಹೂವಾಗಲು ಅದಕ್ಕೆ ಹದಿನೈದು ವರ್ಷವೂ ಹಿಡಿದೀತು. 1925ರಿಂದಲೇ ಅಲ್ಲಿ ಅದರ ರಕ್ಷಣೆಗೆ ಕಾನೂನಿದೆ. ಇಂಗ್ಲೆಂಡಿನವರು ತಮ್ಮ ಹಳದಿ ಸ್ಲಿಪ್ಪರ್ ಆರ್ಕಿಡ್ ಅನ್ನು ಕಿತ್ತು ಕಿತ್ತು, ಕೊನೆಗೆ ಅಳಿದೇ ಹೋಯಿತು ಎಂದುಕೊಂಡಿದ್ದರು. 1930ರಲ್ಲಿ ಯಾರ್ಕ್‌ಷೈರ್‌ನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಅತಿ ಆಸೆ ಗತಿ ಕೇಡು.

ಈಗ ನಿಮ್ಮ ಗ್ಯಾಲರಿಗೆ ಬರೋಣ. ನಿಮಗೆ ಹೊಂದುವುದು ಪ್ಯಾಫ್. ಅದರಲ್ಲೂ ಎಲೆಯ ಮೇಲೆ ತಿಳಿ ಮತ್ತು ಕಡು ಹಸಿರಿನ ಮಚ್ಚೆ ಇರುವ ಮಿಶ್ರತಳಿಗಳನ್ನು ಕೇಳಿ, ಅವು ಸೆಕೆಯನ್ನು ಚೆನ್ನಾಗಿ ತಾಳುತ್ತವೆ. ನೇರ ಬಿಸಿಲು ಬೀಳದ ಉತ್ತರ ಅಥವಾ ಪೂರ್ವದ ಮೂಲೆಯಲ್ಲಿ ಇಡಿ. ತುಳಸಿಕಟ್ಟೆಯ ಮಣ್ಣು ತಂದು ತುಂಬಬೇಡಿ. ಪೈನ್ ತೊಗಟೆಯ ಚೂರು, ಇದ್ದಿಲು, ಸ್ವಲ್ಪ ತೆಂಗಿನ ಸಿಪ್ಪೆಯ ತುಂಡು ಇಷ್ಟೇ ಸಾಕು. ತೊಗಟೆ ಕೊಳೆಯುವ ಮೊದಲು, ಅಂದರೆ ಎರಡು ವರ್ಷಕ್ಕೊಮ್ಮೆ, ಬದಲಿಸಿ.

ನೀರಿನ ವಿಷಯದಲ್ಲೇ ನೀವೆಲ್ಲ ಎಡವುವುದು. ಡೆಂಡ್ರೋಬಿಯಂ ಎಂಬ ಆರ್ಕಿಡ್‌ನ ದಪ್ಪ ಕಾಂಡ ನೀರು ಕೂಡಿಟ್ಟುಕೊಳ್ಳುತ್ತದೆ, ಪ್ಯಾಫ್‌ಗೆ ಅಂಥ ಉಗ್ರಾಣವಿಲ್ಲ. ಆದ್ದರಿಂದ ಬುಡ ಸದಾ ತೇವವಾಗಿರಬೇಕು, ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಬಾರದು. ಬೆಳಿಗ್ಗೆಯೇ ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸಿ ತೆಗೆಯಿರಿ, ಇಲ್ಲವಾದರೆ ಸುಳಿ ಕೊಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಗ್ರಿಲ್ಲಿನಿಂದ ಒಳಗೆ ಸರಿಸಿ. ನಮ್ಮ ಜುಲೈ ಮಳೆಯ ಎರಚಲಿಗೆ ಅದು ತಡೆಯದು. ಆ ಮಳೆನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಹಾಕುವುದು ಮಾತ್ರ ತುಂಬ ಒಳ್ಳೆಯದು. ಗಾಳಿ ಆಡಲಿ. ಗೊಬ್ಬರವನ್ನು ಪೊಟ್ಟಣದ ಮೇಲೆ ಬರೆದ ಅಳತೆಯ ಕಾಲುಭಾಗಕ್ಕೆ ಇಳಿಸಿ. ಅತಿಯಾದರೆ ಅಮೃತವೂ ವಿಷ.

ಭಿವಂಡಿಯವರಿಗೆ ಇನ್ನೊಂದು ಮಾತು. ಪವರ್‌ಲೂಮ್‌ಗಳ ಹತ್ತಿಯ ನವಿರು ಧೂಳು ಎಲೆಯ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಎಲೆಯ ಅಡಿಯಲ್ಲಿ ಹಿಟ್ಟುತಿಗಣೆ ಇದೆಯೇ ಎಂದು ಅದೇ ಹೊತ್ತಿನಲ್ಲಿ ನೋಡಿಬಿಡಿ.

ಕೊಳ್ಳುವಾಗ ಎಚ್ಚರ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆನ್‌ಲೈನಿನಲ್ಲಿ ಆರ್ಕಿಡ್ ಬೀಜದ ಪೊಟ್ಟಣ ಸಿಕ್ಕಿತೆಂದು ಹಿಗ್ಗಬೇಡಿ. ಈ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವಿರುವುದಿಲ್ಲ. ಕಾಡಿನಲ್ಲಿ ಶಿಲೀಂಧ್ರದ ನೆರವು ಬೇಕು, ಇಲ್ಲವೇ ಪ್ರಯೋಗಾಲಯ ಬೇಕು, ಕುಂಡದಲ್ಲಿ ಉದುರಿಸಿದರೆ ಮೊಳೆಯುವುದಿಲ್ಲ. ‘ಕಾಡಿನ ಗಿಡ, ಅಪರೂಪದ್ದು’ ಎಂದು ಯಾರಾದರೂ ಆಸೆ ತೋರಿಸಿದರೆ ಎದ್ದು ಬನ್ನಿ. ದಕ್ಷಿಣ ಭಾರತಕ್ಕೆ ಇರುವುದು ಒಂದೇ ಪ್ಯಾಫ್, ಅಗಸ್ತ್ಯಮಲೆಯ ಡ್ರುರಿ. ಮಾರುವವರು ದೋಚಿ ದೋಚಿ ಅದು ಅಳಿವಿನ ಅಂಚಿಗೆ ಬಂದು ನಿಂತಿದೆ. ಕಾಡಿನ ಪ್ಯಾಫ್‌ಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಪರವಾನಗಿ ಇರುವ ನರ್ಸರಿಯಿಂದ, ಬಿಲ್ ಕೇಳಿ ಪಡೆದೇ ಕೊಳ್ಳಿ. ಕಾಡಿನಿಂದ ಕೀಳಬಾರದೆಂಬ ಮಾತು ನಮ್ಮೂರ ಕಡೆಯ ಆರ್ಕಿಡ್ ಸೀತಾಳೆದಂಡೆಗೂ ಸಲ್ಲುತ್ತದೆ. ರಜೆಗೆ ಊರಿಗೆ ಹೋದಾಗ ಶಿರಸಿ, ಯಲ್ಲಾಪುರದ ಮರಗಳಿಂದ ಅದನ್ನು ಸುಲಿದು ರೈಲಿನಲ್ಲಿ ತರಬೇಡಿ. ಮರದ ಮೇಲೆ ಇದ್ದರೇ ಅದಕ್ಕೂ ಚೆಂದ, ನಿಮಗೂ ಚೆಂದ.

ಈ ವಾರ ಒಂದೇ ಕೆಲಸ ಮಾಡಿ. ನಿಮ್ಮ ಗ್ಯಾಲರಿಗೆ ಬಿಸಿಲು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಗಂಟೆಗೆ ಹೋಗುತ್ತದೆ, ಮಳೆಯ ಎರಚಲು ಎಲ್ಲಿಯವರೆಗೆ ಬೀಳುತ್ತದೆ ಎಂದು ಬರೆದಿಡಿ. ಆ ಚೀಟಿ ಹಿಡಿದು ನರ್ಸರಿಗೆ ಹೋಗಿ, ಒಂದೇ ಗಿಡ ತನ್ನಿ. ಅದು ಒಂದು ಮಳೆಗಾಲ, ಒಂದು ಬೇಸಿಗೆ ದಾಟಿ ಹೊಸ ಎಲೆ ಬಿಟ್ಟ ಮೇಲೆ ಎರಡನೆಯದರ ಮಾತು. ತಾಳಿದವರು ಬಾಳಿಯಾರು, ನಿಮ್ಮ ಗಿಡವೂ ಬಾಳೀತು.