ಹೊಳೆಯ ಮಾತು ಕೇಳದ ಊರು



ಇವತ್ತು ನಾವು ಬಹಳ ದೂರದ ಒಂದು ಊರಿನ ಕಥೆ ಓದೋಣ. ಇದು ಕಟ್ಟುಕಥೆ ಅಲ್ಲ, ನಡೆದ ಸಂಗತಿ.

ಆಸ್ಟ್ರೇಲಿಯಾ ಎಂಬ ದೇಶ ಇದೆ. ಅದರ ಸುತ್ತಲೂ ಸಮುದ್ರ. ಅಲ್ಲಿ ಸಿಡ್ನಿ ಎಂಬ ದೊಡ್ಡ ಪಟ್ಟಣ ಉಂಟು. ಸಿಡ್ನಿಯಿಂದ ಸುಮಾರು 380 ಕಿಲೋಮೀಟರ್ ದೂರದಲ್ಲಿ ಗಂಡಗೈ ಎಂಬ ಸಣ್ಣ ಊರಿದೆ. ಈಗ ಅಲ್ಲಿ ಸುಮಾರು 2 ಸಾವಿರ ಜನ ಇದ್ದಾರೆ. ಊರ ಪಕ್ಕದಲ್ಲೇ ಮರಂಬಿಜಿ ಎಂಬ ಹೊಳೆ ಹರಿಯುತ್ತದೆ.

ಹೊಳೆ ದಂಡೆಯ ಊರು

ಆ ನೆಲದಲ್ಲಿ ಮೊದಲಿನಿಂದ ಇದ್ದವರು ವಿರಾಜುರಿ ಜನ. ಅವರು ಅಲ್ಲಿಯ ಮೂಲ ನಿವಾಸಿಗಳು. ಹೊಳೆ ಯಾವಾಗ ಉಕ್ಕುತ್ತದೆ, ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಆಮೇಲೆ ಇಂಗ್ಲೆಂಡ್ ಕಡೆಯಿಂದ ಬಿಳಿಯರು ಬಂದರು. ಕುರಿ, ದನ ಸಾಕಿದರು. ವಿರಾಜುರಿ ಜನರ ನೆಲವನ್ನೇ ತಮ್ಮದು ಮಾಡಿಕೊಂಡರು. ಗಾಡಿಗಳು ಹೊಳೆ ದಾಟುವ ಜಾಗದಲ್ಲಿ ಅಂಗಡಿ, ವಸತಿಗೃಹ ಕಟ್ಟಿದರು. 1838ರಲ್ಲಿ ಸರ್ಕಾರ ಅದನ್ನು ಊರು ಅಂತ ಗುರುತಿಸಿತು.

ಆದರೆ ಊರು ಇದ್ದದ್ದು ತಗ್ಗಿನ ಬಯಲಲ್ಲಿ. ಇಲ್ಲಿ ನೀರು ನುಗ್ಗುತ್ತದೆ ಎಂದು ವಿರಾಜುರಿ ಜನ ಎಚ್ಚರಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1844ರಲ್ಲಿ ಒಂದು ನೆರೆ ಬಂತು. ಜನ ಅಟ್ಟ ಹತ್ತಿ ಬಚಾವಾದರು. ಮುಂದೆಯೂ ಹೀಗೇ ಬದುಕಿಕೊಳ್ಳಬಹುದು ಅಂತ ಅಂದುಕೊಂಡರು.

ಆ ರಾತ್ರಿ

1852ನೇ ಇಸವಿ, ಜೂನ್ ತಿಂಗಳು. ಅಲ್ಲಿ ಜೂನ್ ಅಂದರೆ ಚಳಿಗಾಲ. ಮಳೆ ಸುರಿದು ಹೊಳೆ ಏರಿತು. 24ನೇ ತಾರೀಖು ರಾತ್ರಿ ನೀರು ಊರೊಳಗೆ ನುಗ್ಗಿತು. ಜನ ಮತ್ತೆ ಅಟ್ಟ ಹತ್ತಿದರು. ಈ ಸಲ ಅಟ್ಟ ಉಳಿಯಲಿಲ್ಲ. ಮನೆಗಳೇ ಕೊಚ್ಚಿಹೋದವು. ಸಿಕ್ಕ ಮರಗಳನ್ನು ಹಿಡಿದು ಜನ ಕತ್ತಲಲ್ಲಿ ಕೂಗಿಕೊಂಡರು.

ಆಗ ನೀರಿಗೆ ಇಳಿದವರು ಯಾರು ಗೊತ್ತೇ? ಯಾರ ಮಾತನ್ನು ಊರು ಕೇಳಿರಲಿಲ್ಲವೋ, ಆ ವಿರಾಜುರಿ ಜನ!

ಯಾರಿ ಎಂಬಾತ ಮರದ ತೊಗಟೆಯಿಂದ ಮಾಡಿದ ದೋಣಿ ತಂದ. ತುಂಬ ಸಣ್ಣ ದೋಣಿ ಅದು. ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಕೂರಿಸಬಹುದು. ಸೆಳವಿನಲ್ಲಿ ಮರದ ದಿಮ್ಮಿಗಳು ತೇಲಿ ಬರ್ತಿದ್ದವು. ತಾಗಿದರೆ ದೋಣಿ ಮಗುಚುತ್ತದೆ. ಆದರೂ ಯಾರಿ ಹೋದ, ಒಬ್ಬರನ್ನು ತಂದ. ಮತ್ತೆ ಹೋದ, ಇನ್ನೊಬ್ಬರನ್ನು ತಂದ. ಜಾಕಿ ಜಾಕಿ ಎಂಬ ಇನ್ನೊಬ್ಬನೂ ದೋಣಿ ನಡೆಸಿದ. ಇಬ್ಬರೂ ಸೇರಿ 69 ಜೀವ ಉಳಿಸಿದರು.

ಊರಲ್ಲಿ ಇದ್ದವರು ಸುಮಾರು 250 ಜನ. ಅವರಲ್ಲಿ ಸುಮಾರು 80 ಜನ ತೀರಿಕೊಂಡರು. ಅಂದರೆ ಮೂವರಲ್ಲಿ ಒಬ್ಬರು!

ಊರು ಮೇಲಕ್ಕೆ ಹೋಯಿತು

1853ರಲ್ಲಿ ಮತ್ತೆ ದೊಡ್ಡ ನೆರೆ ಬಂತು. ಆಮೇಲೆ ಊರು ಎತ್ತರದ ಜಾಗಕ್ಕೆ ಹೋಯಿತು. ಹಳೆಯ ಬಯಲು ಹುಲ್ಲುಗಾವಲಾಯಿತು. ಆ ಬಯಲು ಮತ್ತು ಹೊಳೆ ದಾಟಲು 1867ರಲ್ಲಿ ಉದ್ದನೆಯ ಸೇತುವೆ ಕಟ್ಟಿದರು.

ಊರಿನ ಜನ ಕೂಡಿ ಕೆಲಸ ಮಾಡುವುದನ್ನೂ ಕಲಿತರು. ಅದಕ್ಕೊಂದು ಉದಾಹರಣೆ ನೋಡಿ. ಹಿಂದೆ ಆ ದಾರಿಯಲ್ಲಿ ಎತ್ತಿನ ಗಾಡಿಗಳು ಓಡಾಡುತ್ತಿದ್ದವು. ಗಾಡಿಯವನ ಬುತ್ತಿ ಪೆಟ್ಟಿಗೆಯ ಮೇಲೆ ನಾಯಿ ಕೂತಿತ್ತು ಅಂತ ಒಂದು ಕಥೆ ಇದೆ. 1932ರಲ್ಲಿ ಜನ ಆ ನಾಯಿಯ ಪ್ರತಿಮೆ ನಿಲ್ಲಿಸಿದರು. ನೋಡಲು ಬಂದವರು ಹಾಕಿದ ದುಡ್ಡು ಊರಿನ ಆಸ್ಪತ್ರೆಗೆ ಹೋಯಿತು.

ತಡವಾಗಿ ಬಂದ ಗೌರವ

ಯಾರಿ, ಜಾಕಿ ಜಾಕಿ ಅವರಿಗೆ ಏನು ಸಿಕ್ಕಿತು? ಎದೆಗೆ ತೂಗುಹಾಕಿಕೊಳ್ಳಲು ಒಂದೊಂದು ಲೋಹದ ಬಿಲ್ಲೆ ಕೊಟ್ಟರು. ಊರವರ ಹತ್ತಿರ ಚಿಲ್ಲರೆ ಕಾಸು ಕೇಳಿ ಪಡೆಯಬಹುದು ಎಂದರಂತೆ. ಜೀವ ಉಳಿಸಿದವರು ಕೈ ಚಾಚಬೇಕೇ? ಅವರ ನೆಲ ಮಾತ್ರ ಅವರಿಗೆ ತಿರುಗಿ ಬರಲಿಲ್ಲ. ಯಾರಿ 1880ರಲ್ಲಿ ತೀರಿಕೊಂಡರು.

ನಾಯಿಗೆ 1932ರಲ್ಲೇ ಪ್ರತಿಮೆ ಆಯಿತು. ಜನರನ್ನು ಉಳಿಸಿದವರ ಪ್ರತಿಮೆ ಊರಿನ ದೊಡ್ಡ ಬೀದಿಯಲ್ಲಿ ನಿಂತದ್ದು 2017ರಲ್ಲಿ. ನೆರೆ ಬಂದು 165 ವರ್ಷ ಆದ ಮೇಲೆ! ಯಾರಿ, ಜಾಕಿ ಜಾಕಿ, ಜೊತೆಗೆ ಆ ತೊಗಟೆ ದೋಣಿ ಅಲ್ಲಿವೆ. ವಿರಾಜುರಿ ಜನ ಮತ್ತು ಊರಿನ ಬೇರೆ ಜನ ಕೂಡಿಯೇ ಅದನ್ನು ನೋಡಿದರು.

ಈ ಪಾಠದಿಂದ ನಾವು ಏನು ತಿಳಿದೆವು? ಓದು ಬೇಕು, ನಿಜ. ಆದರೆ ಓದು ಬಾರದವರಲ್ಲೂ ತಿಳುವಳಿಕೆ ಇರುತ್ತದೆ. ನೆಲ, ನೀರು ಬಲ್ಲವರ ಮಾತನ್ನು ಅವರು ಯಾರೇ ಆಗಿರಲಿ, ಕೇಳಬೇಕು. ಉಪಕಾರ ಮಾಡಿದವರನ್ನು ಅವರು ಇರುವಾಗಲೇ ನೆನೆಯಬೇಕು.

ಕೂಡಿ ಮಾತಾಡೋಣ

1. ಗಂಡಗೈ ಊರನ್ನು ಮೊದಲು ತಗ್ಗಿನಲ್ಲಿ ಏಕೆ ಕಟ್ಟಿದರು?
2. 1844ರ ನೆರೆಯಿಂದ ಜನ ಯಾವ ತಪ್ಪು ಪಾಠ ಕಲಿತರು?
3. ಯಾರಿಯ ದೋಣಿಯಲ್ಲಿ ಒಂದು ಸಲಕ್ಕೆ ಎಷ್ಟು ಜನ ಕೂರಬಹುದಿತ್ತು?
4. 2017ರಿಂದ 1852 ಕಳೆಯಿರಿ. ಎಷ್ಟು ವರ್ಷ?
5. ನಿಮ್ಮ ಊರಿನಲ್ಲಿ ಮಳೆ, ನೀರಿನ ವಿಷಯ ಚೆನ್ನಾಗಿ ಬಲ್ಲ ಹಿರಿಯರು ಯಾರು? ಅವರ ಹೆಸರು ಬರೆಯಿರಿ. ಇವತ್ತೇ ಹೋಗಿ ಅವರನ್ನು ಮಾತಾಡಿಸಿ.