ನೆದರ್ಲೆಂಡ್ಸ್‌ಗೆ ಹೊರಟಿದ್ದೀರಾ? ಮೊದಲ ನಾಲ್ಕು ತಿಂಗಳ ಲೆಕ್ಕ ಇಲ್ಲಿದೆ

ಸಂಜೆ ಐದೂವರೆಗೆ ಐಂಡ್‌ಹೋವನ್‌ನ ಯಾವುದಾದರೂ ಕಚೇರಿಯ ಮುಂದೆ ನಿಂತು ನೋಡಿ. ಸೈಕಲ್ಲುಗಳು ಸಾಲಾಗಿ ಹೊರಡುತ್ತವೆ, ಹಿಂದಿನ ಸೀಟಿನಲ್ಲಿ ಶಿಶುವಿಹಾರದಿಂದ ಕರೆತಂದ ಮಗು ಕೂತಿರುತ್ತದೆ. ಆರು ಗಂಟೆಗೆ ಊಟ. ಜೂನ್ ತಿಂಗಳಲ್ಲಾದರೆ ಊಟವಾದ ಮೇಲೂ ಹತ್ತರವರೆಗೆ ಬೆಳಕು. ಅಲ್ಲಿ ಹಲವು ವರ್ಷ ಸಂಸಾರ ನಡೆಸಿದ ನನಗೆ ಸಂಬಳಕ್ಕಿಂತ ಈ ಸಂಜೆಗಳೇ ದೊಡ್ಡ ಗಳಿಕೆ ಅನ್ನಿಸಿದೆ. ಆದರೆ ಆ ನೆಮ್ಮದಿ ಕೈಗೆ ಸಿಗಬೇಕಾದರೆ ಮೊದಲ ನಾಲ್ಕು ತಿಂಗಳ ಕಾಗದಪತ್ರಗಳು ಕ್ರಮವಾಗಿ ಮುಗಿಯಬೇಕು. ಒಂದು ತಪ್ಪಿದರೆ ಅದರ ಮುಂದಿನದೆಲ್ಲ ನಿಂತುಬಿಡುತ್ತದೆ.

ವಿಮಾನ ಹತ್ತುವ ಮುನ್ನ

ಉದ್ಯೋಗಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದು 'ಕೆನಿಸ್‌ಮಿಗ್ರಾಂಟ್', ಅಂದರೆ ಪರಿಣತ ವಲಸಿಗರ ಪರವಾನಗಿ. ಅರ್ಜಿ ಹಾಕುವುದು ಕಂಪನಿಯೇ. ಆ ಕಂಪನಿ ಅಲ್ಲಿನ ವಲಸೆ ಇಲಾಖೆಯಾದ ಐಎನ್‌ಡಿಯ ಮಾನ್ಯತೆ ಪಡೆದ ಪ್ರಾಯೋಜಕರ ಪಟ್ಟಿಯಲ್ಲಿರಬೇಕು. ಪಟ್ಟಿ ಐಎನ್‌ಡಿ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲೇ ನೋಡಿಕೊಳ್ಳಿ. ಸಂಬಳಕ್ಕೂ ಕನಿಷ್ಠ ಮಿತಿಯಿದೆ: 2025ರಲ್ಲಿ 30 ವರ್ಷ ದಾಟಿದವರಿಗೆ ತಿಂಗಳಿಗೆ 5,688 ಯುರೋ, ಅದಕ್ಕಿಂತ ಚಿಕ್ಕವರಿಗೆ 4,171. ಇದು ಪ್ರತಿ ವರ್ಷ ಏರುತ್ತದೆ.

ಜನನ ಮತ್ತು ವಿವಾಹ ಪ್ರಮಾಣಪತ್ರಗಳಿಗೆ ರಾಜ್ಯ ಸರ್ಕಾರದ ದೃಢೀಕರಣ ಪಡೆದು, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಹಾಕಿಸಿ. ಹಳೆಯ ಜನನ ಪತ್ರ ಬರೀ ಕನ್ನಡದಲ್ಲಿದ್ದರೆ ಅಧಿಕೃತ ಇಂಗ್ಲಿಷ್ ಅನುವಾದವೂ ಬೇಕು. ಅಲ್ಲಿಗೆ ಹೋದ ಮೇಲೆ ಇದನ್ನು ಊರಿನಿಂದ ತರಿಸುವುದು ತುಂಬ ತ್ರಾಸದ ಕೆಲಸ.

ಮನೆ, ವಿಳಾಸ, ನಂಬರು

ಬಾಡಿಗೆ ಮನೆ ಸಿಗುವುದೇ ಅಲ್ಲಿ ಬಲು ಕಷ್ಟ. ಹಾಗಿದ್ದರೂ ಮನೆ ಮಾಲೀಕರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆಯದ್ದಲ್ಲ. 'ಈ ವಿಳಾಸದಲ್ಲಿ ಹೆಸರು ನೋಂದಾಯಿಸಲು ಅವಕಾಶವಿದೆಯೇ?' ಎಂದು ಕೇಳಿ. ಇಲ್ಲ ಎಂದರೆ ಎಷ್ಟೇ ಚೆಂದದ ಮನೆಯಾದರೂ ಬಿಟ್ಟುಬಿಡಿ. ಮನೆಯನ್ನು ಕಣ್ಣಾರೆ ನೋಡುವ ಮುಂಚೆ ಹಣ ಕಳಿಸಲೇಬೇಡಿ. ಠೇವಣಿಯಾಗಿ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ ಎಂಬ ಕಾನೂನು 2023ರಿಂದ ಜಾರಿಯಲ್ಲಿದೆ.

ಜಾಹೀರಾತಿನಲ್ಲಿ 'ಕಾಲ್' ಎಂದಿದ್ದರೆ ಅದು ಬೋಳು ಮನೆ. ನಾವು ನೋಡಿದ ಮೊದಲ ಮನೆಯಲ್ಲಿ ಬರೀ ಕಾಂಕ್ರೀಟ್ ನೆಲವಿತ್ತು, ಚಾವಣಿಯಿಂದ ವೈರು ನೇತಾಡುತ್ತಿತ್ತು. ಹಿಂದಿನವರು ನೆಲಹಾಸು, ದೀಪ ಎಲ್ಲ ಕಿತ್ತುಕೊಂಡು ಹೋಗಿದ್ದರು, ಅಲ್ಲಿನ ರೂಢಿ ಹಾಗೆ. 'ಖೆಸ್ಟೊಫೇರ್ಟ್' ಎಂದರೆ ನೆಲಹಾಸು, ಪರದೆ ಇರುತ್ತದೆ. 'ಖೆಮ್ಯೂಬಿಲೇರ್ಟ್' ಎಂದರೆ ಮಂಚ, ಮೇಜು ಕೂಡ.

ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಹೋದ ಐದು ದಿನಗಳೊಳಗೆ ಸ್ಥಳೀಯ ನಗರಾಡಳಿತದಲ್ಲಿ ನೋಂದಣಿಗೆ ಮುಂದಾಗಬೇಕು. ಮುಂಗಡ ಸಮಯವನ್ನು ಬೆಂಗಳೂರಿನಿಂದಲೇ ಕಾಯ್ದಿರಿಸಿ. ಅಲ್ಲಿ ಸಿಗುವ ಬಿಎಸ್‌ಎನ್ ಎಂಬ ನಾಗರಿಕ ಸಂಖ್ಯೆ ಸಂಬಳಕ್ಕೂ ಬೇಕು, ಬ್ಯಾಂಕಿಗೂ ಬೇಕು, ವಿಮೆಗೂ ಬೇಕು. ಸರ್ಕಾರಿ ಸೇವೆಗಳಿಗೆ ಬೇಕಾದ ಡಿಜಿಡಿ ಲಾಗಿನ್ ಕೂಡ ಇದರ ಮೇಲೆಯೇ ನಿಂತಿದೆ.

ಇನ್ನೊಂದು ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹೊರದೇಶದಿಂದ ನೇಮಕವಾದವರಿಗೆ ಸಂಬಳದ ಶೇ 30ರವರೆಗಿನ ಭಾಗವನ್ನು ತೆರಿಗೆಯಿಲ್ಲದೆ ಪಡೆಯುವ ಸವಲತ್ತು ಐದು ವರ್ಷ ಇರುತ್ತದೆ. 2027ರಿಂದ ಇದು ಶೇ 27ಕ್ಕೆ ಇಳಿಯುತ್ತದೆ. ಕೆಲಸ ಶುರುವಾದ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಿದರೆ ಮಾತ್ರ ಮೊದಲ ದಿನದಿಂದ ಅನ್ವಯ.

ಡಾಕ್ಟರು, ಬಾಣಂತನ

ಆರೋಗ್ಯ ವಿಮೆ ಕಡ್ಡಾಯ, ಇದಕ್ಕೂ ಗಡುವು ನಾಲ್ಕು ತಿಂಗಳು. ತಡ ಮಾಡಿದರೆ ದುಡ್ಡು ಉಳಿಯುತ್ತದೆ ಎಂದುಕೊಳ್ಳಬೇಡಿ, ಕಂತನ್ನು ಹಿಂದಿನ ದಿನಾಂಕದಿಂದಲೇ ಲೆಕ್ಕ ಹಾಕಿ ವಸೂಲು ಮಾಡುತ್ತಾರೆ. 18 ವರ್ಷದೊಳಗಿನ ಮಕ್ಕಳಿಗೆ ಮೂಲ ವಿಮೆಯ ಕಂತಿಲ್ಲ. ದೊಡ್ಡವರು ವರ್ಷಕ್ಕೆ ಮೊದಲ 385 ಯುರೋ ಚಿಕಿತ್ಸಾ ವೆಚ್ಚವನ್ನು ತಾವೇ ಭರಿಸಬೇಕು. ಕುಟುಂಬ ವೈದ್ಯರ ಭೇಟಿ ಇದರಲ್ಲಿ ಸೇರುವುದಿಲ್ಲ.

ಆ ಕುಟುಂಬ ವೈದ್ಯರನ್ನು 'ಹೌಸ್‌ಆರ್ಟ್ಸ್' ಎನ್ನುತ್ತಾರೆ. ನಮ್ಮಲ್ಲಿ ಮೊಣಕಾಲು ನೋವಾದರೆ ನೇರ ಮೂಳೆ ತಜ್ಞರ ಹತ್ತಿರ ಓಡುತ್ತೇವೆ. ಅಲ್ಲಿ ಹೌಸ್‌ಆರ್ಟ್ಸ್ ಬರೆದುಕೊಟ್ಟರೆ ಮಾತ್ರ ತಜ್ಞರ ದರ್ಶನ. ಜ್ವರಕ್ಕೆ ಪ್ಯಾರಾಸಿಟಮಾಲ್ ತಗೊಂಡು ಮಲಗಿ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತದೆ, ಬರಬರುತ್ತ ಆ ಸಂಯಮದ ಬೆಲೆ ತಿಳಿಯುತ್ತದೆ. ಹಲವು ಕ್ಲಿನಿಕ್ಕುಗಳು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ, ಆದ್ದರಿಂದ ಕಾಯಿಲೆ ಬರುವ ಮುಂಚೆಯೇ ಹೆಸರು ಬರೆಸಿ.

ಡಚ್ಚರ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 'ಕ್ರಾಮ್‌ಝೋರ್ಗ್'. ಹೆರಿಗೆಯಾದ ಮೇಲೆ ಎಂಟು-ಹತ್ತು ದಿನ ತರಬೇತಾದ ದಾದಿಯೊಬ್ಬರು ಮನೆಗೇ ಬಂದು ತಾಯಿ-ಮಗುವನ್ನು ನೋಡಿಕೊಳ್ಳುತ್ತಾರೆ. ಎದೆಹಾಲು ಕುಡಿಸಲು ಹೇಳಿಕೊಡುತ್ತಾರೆ, ಮಗುವಿನ ತೂಕ ನೋಡುತ್ತಾರೆ, ಬಟ್ಟೆ ಒಗೆಯುತ್ತಾರೆ, ಬಂದ ನೆಂಟರಿಗೆ ಇಷ್ಟು ಹೊತ್ತು ಸಾಕು ಎಂದೂ ಹೇಳುತ್ತಾರೆ. ಗಂಟೆಗೆ ಸ್ವಲ್ಪ ಹಣ ನಾವು ಕೊಡಬೇಕು, ಉಳಿದದ್ದು ವಿಮೆಯಿಂದ. ಬಸಿರಿನ ಮೊದಲ ತಿಂಗಳುಗಳಲ್ಲೇ ನೋಂದಾಯಿಸಿಕೊಳ್ಳಿ. ಊರಿನಿಂದ ಅಮ್ಮ ಬಾಣಂತನಕ್ಕೆ ಬರುತ್ತಾರೆಂದು ಇದನ್ನು ಬೇಡ ಎನ್ನಬೇಡಿ. ಅಮ್ಮನ ಮೆಂತ್ಯದುಂಡೆ, ಎಣ್ಣೆನೀರಿನ ಜತೆ ದಾದಿಯ ಕಣ್ಣೂ ಇರಲಿ.

ಅಪ್ಪ-ಅಮ್ಮ ಬಂದಾಗ

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನಿವೃತ್ತರು ಉಳಿತಾಯ ತೋರಿಸಿ ನೆಲೆಸುವಂಥ ವೀಸಾ ನೆದರ್ಲೆಂಡ್ಸ್‌ನಲ್ಲಿ ಇಲ್ಲ. ಮಕ್ಕಳಿದ್ದಾರೆಂದು ತಂದೆತಾಯಿಗೆ ಕಾಯಂ ಪರವಾನಗಿಯೂ ಸುಲಭವಾಗಿ ಸಿಗದು. ಉಳಿದ ದಾರಿ ಷೆಂಗೆನ್ ವೀಸಾ: ಯಾವುದೇ 180 ದಿನಗಳಲ್ಲಿ 90 ದಿನ. ಇದನ್ನು ಮುಂಚೆಯೇ ಒಪ್ಪಿಕೊಂಡರೆ ಆಮೇಲಿನ ನೋವು ಕಡಿಮೆ.

ಖರ್ಚು ಮಕ್ಕಳದ್ದಾದರೆ ಪ್ರಾಯೋಜಕತ್ವದ ನಮೂನೆಗೆ ಅಲ್ಲಿನ ನಗರಾಡಳಿತದ ಮುದ್ರೆ ಹಾಕಿಸಿ ಮೂಲಪ್ರತಿ ಕಳಿಸಬೇಕು. ಕನಿಷ್ಠ 30,000 ಯುರೋ ಪ್ರಯಾಣ ವಿಮೆ ಬೇಕು. ಹಿರಿಯರಿಗೆ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಒಳಗೊಳ್ಳುವ ಪಾಲಿಸಿಗೆ ಎರಡು ಕಾಸು ಹೆಚ್ಚು ಕೊಡುವುದೇ ಮೇಲು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಕರೆಸಿಕೊಳ್ಳಿ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲು ಕವಿಯುತ್ತದೆ, ಇಡೀ ದಿನ ಮನೆಯೊಳಗಿರುವ ಹಿರಿಯರು ಕುಗ್ಗಿಹೋಗುತ್ತಾರೆ. ಹಳೆಯ ಡಚ್ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು, ಹಾಗಾಗಿ ಅವರ ಹಾಸಿಗೆ ಕೆಳಗೇ ಇರಲಿ.

ಅಡುಗೆಯ ಚಿಂತೆ ಬೇಡ. 1873ರಲ್ಲಿ ಲಲ್ಲಾ ರೂಖ್ ಹಡಗಿನಲ್ಲಿ ಕೂಲಿಗಳಾಗಿ ಆಗಿನ ಡಚ್ ವಸಾಹತು ಸುರಿನಾಮಿಗೆ ಹೋದ ಭಾರತೀಯರು, ಅವರ ನಂತರ ಹೋದವರು ಅಲ್ಲಿ ನೆಲೆನಿಂತರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಹೊತ್ತಿಗೆ ಅವರ ಸಂತತಿಯ ಬಹಳಷ್ಟು ಜನ ನೆದರ್ಲೆಂಡ್ಸ್‌ಗೆ ಬಂದರು. ಹೇಗ್ ನಗರದಲ್ಲಿ ಅವರ ಅಂಗಡಿಗಳಿವೆ. 'ಸೊಪ್ರೊಪೊ' ಕೇಳಿದರೆ ಹಾಗಲಕಾಯಿ, 'ಕೌಸೆನ್‌ಬಾಂಡ್' ಕೇಳಿದರೆ ಉದ್ದ ಅಲಸಂದೆ ಸಿಗುತ್ತದೆ.

ನಿಮ್ಮ ಸ್ವಂತ ಮುಪ್ಪಿಗೆ

ಸರ್ಕಾರಿ ವೃದ್ಧಾಪ್ಯ ಪಿಂಚಣಿಯಾದ ಎಒಡಬ್ಲ್ಯೂ ಅಲ್ಲಿ ಬದುಕಿದ ಪ್ರತಿ ವರ್ಷಕ್ಕೆ ಶೇ 2ರಂತೆ ಬೆಳೆಯುತ್ತದೆ. ಪೂರ್ತಿ ಸಿಗಲು 50 ವರ್ಷ ಬೇಕು. ಮೂವತ್ತೈದಕ್ಕೆ ಹೋಗಿ ಐವತ್ತಕ್ಕೆ ಮರಳಿದವರಿಗೆ ಶೇ 30 ಮಾತ್ರ, ಅದೂ 67 ದಾಟಿದ ಮೇಲೆ. ಹಾಗಾಗಿ ಕಂಪನಿಯ ಪಿಂಚಣಿ ಯೋಜನೆ ಹೇಗಿದೆ ಎಂದು ಸಂದರ್ಶನದಲ್ಲೇ ಕೇಳಿ. ಊರಿನ ಬ್ಯಾಂಕ್ ಠೇವಣಿಯನ್ನು ಅಲ್ಲಿನ ತೆರಿಗೆ ಲೆಕ್ಕದಲ್ಲಿ ತೋರಿಸಬೇಕಾಗುತ್ತದೆ, ಒಬ್ಬ ಒಳ್ಳೆಯ ತೆರಿಗೆ ಸಲಹೆಗಾರರನ್ನು ಹಿಡಿಯಿರಿ.

ಐದು ವರ್ಷದ ಬಳಿಕ ಕಾಯಂ ವಾಸದ ಪರವಾನಗಿ ಕೇಳಬಹುದು, ಅದಕ್ಕೆ ಡಚ್ ಭಾಷೆಯ ಪರೀಕ್ಷೆಯಿದೆ. ಡಚ್ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಪರೀಕ್ಷೆ ಹಾಗಿರಲಿ, ಭಾಷೆ ಕಲಿಯಲು ಅದಕ್ಕಿಂತ ದೊಡ್ಡ ಕಾರಣವಿದೆ. ಕಚೇರಿಯಲ್ಲಿ ಇಂಗ್ಲಿಷ್ ಸಾಕು, ಆದರೆ ಅಲ್ಲೇ ಮುದುಕರಾಗುವವರಿಗೆ ಸಾಲದು. ಯೋಸ್ ಡಿ ಬ್ಲಾಕ್ ಎಂಬುವರು 2006ರಲ್ಲಿ ಕಟ್ಟಿದ ಬ್ಯೂರ್ಟ್‌ಝೋರ್ಗ್ ಎಂಬ ಆರೈಕೆ ಸಂಸ್ಥೆಯ ದಾದಿಯರು ಹಿರಿಯರ ಮನೆಗೇ ಬಂದು ಆರೈಕೆ ಮಾಡುತ್ತಾರೆ. ನೋವು ಎಲ್ಲಿದೆ ಎಂದು ಅವರಿಗೆ ಅವರ ಮಾತಿನಲ್ಲಿ ಹೇಳಲು ಬರಬೇಕು. ಬಡಾವಣೆಯ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಭಾಷಾ ಮಾತುಕತೆಯ ಕೂಟ ನಡೆಯುತ್ತದೆಯೇ ಎಂದು ವಿಚಾರಿಸಿ. ಬಿಎಸ್‌ಎನ್ ಸಿಕ್ಕ ವಾರವೇ ಹೋಗಿ ಸೇರಿಕೊಳ್ಳಿ.